320 ಬೇಡ ಅಂತಲ್ಲ, ಮೊದಲು 50 ದಾಟೋಣ

ಬುಲೆಟ್ ಟ್ರೇನ್ ಬಗ್ಗೆ ಒಂದು ವಿಡಿಯೋ ಕ್ಲಾಸ್ ಗ್ರೂಪಿಗೆ ಬಂದರೆ ಸಾಕು, ಐದು ನಿಮಿಷದಲ್ಲಿ ನಾವು ಎರಡು ಪಾರ್ಟಿ ಆಗಿಬಿಡ್ತೀವಿ. ಒಂದು ಕಡೆಯವರು "ನೋಡ್ರೋ, ನಮ್ಮ ದೇಶ ಎಲ್ಲಿಗೆ ಬಂತು" ಅಂತಾರೆ. ಇನ್ನೊಂದು ಕಡೆಯವರು "ಮೊದಲು ಜನರಲ್ ಬೋಗಿಯಲ್ಲಿ ಕಾಲಿಡೋಕೆ ಜಾಗ ಕೊಡಿ" ಅಂತಾರೆ. ಆಮೇಲೆ ಮಾತು ರೈಲು ಬಿಟ್ಟು ರಾಜಕೀಯಕ್ಕೆ ಹೋಗತ್ತೆ. ಯಾರೂ ಒಂದು ಲೆಕ್ಕ ಹಾಕಲ್ಲ. ಇಂಜಿನಿಯರಿಂಗ್ ಓದೋ ನಾವೇ ಲೆಕ್ಕ ಹಾಕದಿದ್ದರೆ ಇನ್ಯಾರು ಹಾಕಬೇಕು? ಅದಕ್ಕೇ ಈ ಬರಹ.

ನಮ್ಮ ಅಭಿಪ್ರಾಯ ಏನು ಅಂತ ಮೊದಲೇ ಹೇಳಿಬಿಡ್ತೀವಿ. ಹೈಸ್ಪೀಡ್ ರೈಲು ಭಾರತಕ್ಕೆ ಬೇಕು. ಆದರೆ ಜನರ ತೆರಿಗೆ ದುಡ್ಡು ರೈಲಿಗೆ ಹಾಕುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಜನರ ಎಷ್ಟು ಗಂಟೆ ಉಳಿಯುತ್ತೆ? ಆ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿದರೆ, ಇವತ್ತು ನಿಧಾನವಾಗಿ ಓಡುತ್ತಿರುವ ಸಾಮಾನ್ಯ ರೈಲುಗಳ ಹಳಿಗೆ ಮೊದಲ ಪಾಳಿ ಬರಬೇಕು.

ಇದಕ್ಕೆ ದೊಡ್ಡ ಥಿಯರಿ ಏನೂ ಬೇಡ, ಹೈಸ್ಕೂಲಿನಲ್ಲಿ ಕಲಿತದ್ದೇ ಸಾಕು. ಸಮಯ ಅಂದರೆ ದೂರ ಭಾಗಿಸು ವೇಗ. 400 ಕಿ.ಮೀ. ದೂರದ ಪ್ರಯಾಣ ತಗೊಳ್ಳಿ. ಗಂಟೆಗೆ 40 ಕಿ.ಮೀ. ಹೋದರೆ 10 ಗಂಟೆ. ಅದನ್ನು 80 ಮಾಡಿದರೆ 5 ಗಂಟೆ, ಅಂದರೆ 5 ಗಂಟೆ ಉಳೀತು. 80 ಇದ್ದದ್ದನ್ನು 160 ಮಾಡಿದರೆ ಉಳಿಯೋದು ಎರಡೂವರೆ ಗಂಟೆ. 160 ಇದ್ದದ್ದನ್ನು 320 ಮಾಡಿದರೆ ಉಳಿಯೋದು ಒಂದೂಕಾಲು ಗಂಟೆ ಮಾತ್ರ. ಪ್ರತಿ ಸಲವೂ ವೇಗ ಎರಡರಷ್ಟು ಆಯ್ತು, ಆದರೆ ಉಳಿದ ಸಮಯ ಪ್ರತಿ ಸಲವೂ ಅರ್ಧ ಆಯ್ತು. ಗ್ರಾಫ್ ಹಾಕಿದರೆ ಗೆರೆ ಮೊದಲು ಸರ್ರನೆ ಕೆಳಗಿಳಿದು ಆಮೇಲೆ ಮಲಗಿಬಿಡತ್ತೆ.

ಖರ್ಚಿನ ಗ್ರಾಫ್ ಇದಕ್ಕೆ ಪೂರ್ತಿ ಉಲ್ಟಾ. ಗಾಳಿ ಒಡ್ಡುವ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಆ ತಡೆಯನ್ನು ಗೆಲ್ಲೋಕೆ ಬೇಕಾದ ಪವರ್ ಘನಕ್ಕೆ ತಕ್ಕಂತೆ ಏರುತ್ತೆ. ಅಂದರೆ ವೇಗ ಎರಡರಷ್ಟಾದರೆ ಗಾಳಿಯನ್ನು ಸೀಳೋಕೆ ಎಂಟರಷ್ಟು ಪವರ್ ಬೇಕು. ತಿರುವಿನ ಕಥೆಯೂ ಇದೇ. ವೇಗ ಎರಡರಷ್ಟಾದರೆ ತಿರುವಿನ ತ್ರಿಜ್ಯ ನಾಲ್ಕರಷ್ಟು ದೊಡ್ಡದಾಗಬೇಕು. ಆಗ ಹಳಿ ಊರು, ಹೊಲ, ಗುಡ್ಡ ಯಾವುದನ್ನೂ ಬಳಸಿಕೊಂಡು ಹೋಗೋಕೆ ಆಗಲ್ಲ. ನೇರ ಹೋಗಬೇಕು, ಹೆಚ್ಚಿನ ಕಡೆ ಕಂಬದ ಮೇಲೆ ಹೋಗಬೇಕು. ಲಾಭ ಕಡಿಮೆ ಆಗ್ತಾ ಹೋಗತ್ತೆ, ಖರ್ಚು ಜಾಸ್ತಿ ಆಗ್ತಾ ಹೋಗತ್ತೆ.

ಹಾಗಾದರೆ ನಮ್ಮ ದೇಶ ಈ ಗ್ರಾಫಿನಲ್ಲಿ ಎಲ್ಲಿ ನಿಂತಿದೆ? ರೈಲುಗಳ ಸಮಯಪಾಲನೆ ಬಗ್ಗೆ ಸಿಎಜಿ ಒಂದು ವರದಿ ಕೊಟ್ಟಿತ್ತು. ಅದರ ಪ್ರಕಾರ 2019-20ರಲ್ಲಿ ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ ಸರಾಸರಿ ವೇಗ ಗಂಟೆಗೆ 50.6 ಕಿ.ಮೀ., ಗೂಡ್ಸ್ ರೈಲುಗಳದ್ದು 23.6 ಕಿ.ಮೀ. ಗರಿಷ್ಠ ವೇಗಕ್ಕೂ ಸರಾಸರಿ ವೇಗಕ್ಕೂ ಇರೋ ವ್ಯತ್ಯಾಸ ಇಲ್ಲಿ ಗೊತ್ತಾಗತ್ತೆ. ಗರಿಷ್ಠ ವೇಗ ವಿಡಿಯೋದಲ್ಲಿ ಕಾಣತ್ತೆ. ಆದರೆ ನಾವು ಮನೆಗೆ ಎಷ್ಟು ಹೊತ್ತಿಗೆ ಮುಟ್ಟುತ್ತೀವಿ ಅನ್ನೋದನ್ನು ತೀರ್ಮಾನ ಮಾಡೋದು ಸರಾಸರಿ ವೇಗ.

ಸರ್ಕಾರಕ್ಕೂ ಇದು ಗೊತ್ತಿಲ್ಲ ಅಂತಲ್ಲ. 2016-17ರ ರೈಲ್ವೆ ಬಜೆಟ್‌ನಲ್ಲಿ 'ಮಿಷನ್ ರಫ್ತಾರ್' ಅಂತ ಒಂದು ಯೋಜನೆ ಘೋಷಣೆ ಆಗಿತ್ತು. ಐದು ವರ್ಷದಲ್ಲಿ ಗೂಡ್ಸ್ ರೈಲಿನ ಸರಾಸರಿ ವೇಗ ಎರಡರಷ್ಟು ಮಾಡೋದು, ಪ್ಯಾಸೆಂಜರ್ ರೈಲುಗಳ ಸರಾಸರಿ ವೇಗವನ್ನು 25 ಕಿ.ಮೀ. ಏರಿಸೋದು ಗುರಿ. ಗುರಿ ತುಂಬಾ ಸರಿಯಾಗಿತ್ತು. 50ರಿಂದ 75ಕ್ಕೆ ಏರಿದರೆ 500 ಕಿ.ಮೀ. ಪ್ರಯಾಣ 10 ಗಂಟೆಯಿಂದ 6 ಗಂಟೆ 40 ನಿಮಿಷಕ್ಕೆ ಇಳಿಯುತ್ತೆ. ಉಳಿತಾಯ 200 ನಿಮಿಷ. ಅದೇ ದೂರಕ್ಕೆ 160ರಿಂದ 320ಕ್ಕೆ ಏರಿದರೆ ಉಳಿಯೋದು ಸುಮಾರು 94 ನಿಮಿಷ. ಬರೀ 25 ಕಿ.ಮೀ. ಏರಿಕೆ, 160 ಕಿ.ಮೀ. ಏರಿಕೆಗಿಂತ ಎರಡು ಪಟ್ಟು ಹೆಚ್ಚು ಸಮಯ ಉಳಿಸುತ್ತೆ! ಆದರೆ ಮೂರು ವರ್ಷ ಕಳೆದ ಮೇಲೂ ಸರಾಸರಿ 50.6ರಲ್ಲೇ ಇತ್ತು ಅಂತ ಸಿಎಜಿ ಅಂಕಿ ಹೇಳ್ತಿದೆ. ಈ ಗುರಿ ಏನಾಯ್ತು ಅಂತ ಎಷ್ಟು ಟಿವಿ ಚರ್ಚೆ ಆಯ್ತು? ನಮಗಂತೂ ಒಂದೂ ನೋಡಿದ ನೆನಪಿಲ್ಲ.

ಸರಾಸರಿ ಯಾಕೆ ಏರಲ್ಲ? ಇಂಜಿನ್‌ಗೆ ಶಕ್ತಿ ಇಲ್ಲ ಅಂತಲ್ಲ. ಹಳಿ ಖಾಲಿ ಇಲ್ಲ. ಒಂಟಿ ಹಳಿಯ ಮಾರ್ಗದಲ್ಲಿ ಎದುರಿಂದ ರೈಲು ಬಂದರೆ ಒಂದು ಗಾಡಿ ಸ್ಟೇಷನ್ನಿನ ಲೂಪ್ ಲೈನಿನಲ್ಲಿ ನಿಂತು ಕಾಯಬೇಕು. "ಕ್ರಾಸಿಂಗಿಗೆ ನಿಲ್ಲಿಸಿದಾರೆ" ಅನ್ನೋ ಮಾತು ನಮ್ಮಲ್ಲಿ ರೈಲು ಹತ್ತಿದ ಎಲ್ಲರಿಗೂ ಗೊತ್ತು. ಜೋಡಿ ಹಳಿ ಇದ್ದರೂ ಇನ್ನೊಂದು ತೊಂದರೆ ಇದೆ. ಅದೇ ಹಳಿ ಮೇಲೆ ಮುಂದೆ ಕಲ್ಲಿದ್ದಲು ತುಂಬಿದ ಗೂಡ್ಸ್ ತೆವಳ್ತಾ ಇರತ್ತೆ, ಹಿಂದೆ ಎಕ್ಸ್‌ಪ್ರೆಸ್ ಬರ್ತಾ ಇರತ್ತೆ. ರಸ್ತೆಯ ಹಾಗೆ ಇಲ್ಲಿ ಓವರ್‌ಟೇಕ್ ಮಾಡೋಕೆ ಆಗಲ್ಲ. ಗೂಡ್ಸ್ ಗಾಡಿಯನ್ನು ಲೂಪಿಗೆ ತಳ್ಳಬೇಕು, ಇಲ್ಲಾ ಎಕ್ಸ್‌ಪ್ರೆಸ್ ನಿಧಾನ ಆಗಬೇಕು. ಗೂಡ್ಸ್ ಪಕ್ಕಕ್ಕೆ ನಿಂತೂ ನಿಂತೂ ಅದರ ಸರಾಸರಿ 23ಕ್ಕೆ ಇಳಿಯುತ್ತೆ. ರೈಲ್ವೆಗೆ ಹೆಚ್ಚು ಆದಾಯ ಕೊಡೋದೇ ಗೂಡ್ಸ್ ಅನ್ನೋದು ಬೇರೆ ವಿಷಯ.

ಒಂದೇ ಹಳಿ ಮೇಲೆ ಬೇರೆ ಬೇರೆ ವೇಗದ ಗಾಡಿಗಳು ಓಡಿದಷ್ಟೂ ಆ ಹಳಿಯ ಮೇಲೆ ಓಡಿಸಬಹುದಾದ ಗಾಡಿಗಳ ಸಂಖ್ಯೆ ಕಡಿಮೆ ಆಗತ್ತೆ. ಇಲ್ಲಿ ಇನ್ನೊಂದು ತಮಾಷೆ ಇದೆ. ಇಂಥ ಮಾರ್ಗಕ್ಕೆ ಒಂದು ವೇಗದ ರೈಲನ್ನು ಹೊಸದಾಗಿ ಬಿಟ್ಟರೆ ಅದಕ್ಕೆ ದಾರಿ ಬಿಡೋಕೆ ಉಳಿದ ಗಾಡಿಗಳು ಇನ್ನಷ್ಟು ನಿಲ್ಲಬೇಕಾಗಬಹುದು. ಹಳಿ ಹೆಚ್ಚಿಸದೆ ಗಾಡಿ ಮಾತ್ರ ಹೊಸದು ತಂದರೆ ಆಗೋದು ಇದೇ.

ವಂದೇ ಭಾರತ್ ಇದಕ್ಕೆ ಒಳ್ಳೆ ಉದಾಹರಣೆ. ಚೆನ್ನೈನ ಐಸಿಎಫ್ ತಯಾರಿಸಿದ ಈ ಗಾಡಿಯ ವಿನ್ಯಾಸ ವೇಗ 180 ಕಿ.ಮೀ. ಗಾಡಿ ನಿಜಕ್ಕೂ ಚೆನ್ನಾಗಿದೆ, ನಮಗೂ ಹೆಮ್ಮೆ ಇದೆ. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾದಾಗ ಸುಮಾರು 490 ಕಿ.ಮೀ. ದೂರಕ್ಕೆ ಹತ್ತಿರ ಹತ್ತಿರ ಆರೂವರೆ ಗಂಟೆ ಇಟ್ಟಿದ್ದರು. ಸರಾಸರಿ ಸುಮಾರು 75. ಅಂದರೆ 180ರ ಗಾಡಿ ಇದ್ದರೂ ಹಳಿ, ಸಿಗ್ನಲ್, ತಿರುವು, ನಿಲ್ದಾಣ ಎಲ್ಲಾ ಸೇರಿ ಅದನ್ನು 75ಕ್ಕೆ ತರುತ್ತೆ. ಇದನ್ನೇ ಬೇರೆ ರೀತಿಯಲ್ಲೂ ನೋಡಬಹುದು. ಮಿಷನ್ ರಫ್ತಾರ್ ಎಲ್ಲರಿಗೂ ಕೊಡ್ತೀನಿ ಅಂದಿದ್ದ 75, ಈಗ 8 ಬೋಗಿಯ ಎಸಿ ಚೇರ್ ಕಾರಿನಲ್ಲಿ ಕೂರೋ ದುಡ್ಡಿರುವವರಿಗೆ ಸಿಕ್ಕಿದೆ. ಸ್ಲೀಪರ್ ಮತ್ತು ಜನರಲ್ ಬೋಗಿಯವರಿಗೆ ಇನ್ನೂ ಬಂದಿಲ್ಲ.

ನಮ್ಮ ರಾಜ್ಯದ ಘಾಟಿ ಕಥೆ ಕೇಳಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ., 57 ಸುರಂಗ, ಏರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ ಹತ್ತಬೇಕು. ರಸ್ತೆಗೆ ಇದು ಏನೂ ಅಲ್ಲ. ಉಕ್ಕಿನ ಚಕ್ರ ಉಕ್ಕಿನ ಹಳಿ ಮೇಲೆ ಉರುಳೋ ರೈಲಿಗೆ ತುಂಬಾ ಕಡಿದು. ಹತ್ತುವಾಗ ಹಿಂದಿನಿಂದ ತಳ್ಳೋಕೆ ಹೆಚ್ಚುವರಿ ಇಂಜಿನ್ ಬೇಕು, ಇಳಿಯುವಾಗ ಬ್ರೇಕ್ ಜೋಪಾನ. ಇಲ್ಲಿ ವೇಗ ಮಿತಿ 30 ಕಿ.ಮೀ. ಆಸುಪಾಸು. ಎಲ್ಲೂ ನಿಲ್ಲದೆ ಹೋದರೂ 1 ಗಂಟೆ 50 ನಿಮಿಷ ಬೇಕು. ಹೊಸ ಅಲೈನ್‌ಮೆಂಟ್, ಉದ್ದದ ಸುರಂಗ ಮಾಡಿ ಇಷ್ಟೇ ದೂರವನ್ನು 60ರಲ್ಲಿ ದಾಟಿದರೆ 55 ನಿಮಿಷ ಉಳಿಯುತ್ತೆ. ಬಯಲಿನಲ್ಲಿ ಅದೇ 55 ಕಿ.ಮೀ. ಅನ್ನು 160ರ ಬದಲು 320ರಲ್ಲಿ ದಾಟಿದರೆ ಉಳಿಯೋದು ಬರೀ 10 ನಿಮಿಷ. ಘಾಟಿಯ ಕೆಲಸ ಸುಲಭ ಅಂತ ನಾವು ಹೇಳ್ತಿಲ್ಲ. ಪಶ್ಚಿಮ ಘಟ್ಟದ ಕಾಡು, ಮಣ್ಣು ಕುಸಿತ, ಮಳೆ ಎಲ್ಲಾ ಇದೆ. ಆದರೆ ಕಷ್ಟದ ಇಂಜಿನಿಯರಿಂಗ್ ಮಾಡಲೇಬೇಕು ಅಂದರೆ ಅದನ್ನು ಮಾಡಬೇಕಾದ ಜಾಗಗಳ ಪಟ್ಟಿಯಲ್ಲಿ ಇದೂ ಇರಬೇಕಲ್ವಾ?

ಇದೇ ಹಾಸನ–ಮಂಗಳೂರು ಮಾರ್ಗ ಮೊದಲು ಮೀಟರ್ ಗೇಜ್ ಇತ್ತು. ಬ್ರಾಡ್ ಗೇಜ್ ಮಾಡೋಕೆ ಅಂತ 1996ರಲ್ಲಿ ನಿಲ್ಲಿಸಿದರು. ಪ್ಯಾಸೆಂಜರ್ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಒಂದು ರಾಜ್ಯದ ರಾಜಧಾನಿಯಿಂದ ಅದರ ದೊಡ್ಡ ಬಂದರು ಪಟ್ಟಣಕ್ಕೆ ಘಾಟಿ ಮೂಲಕ ಹೋಗುವ ರೈಲು ಹನ್ನೊಂದು ವರ್ಷ ಇರಲಿಲ್ಲ. ನಾವು ಹುಟ್ಟೋ ಹೊತ್ತಿಗೂ ಆ ಕೆಲಸ ಮುಗಿದಿರಲಿಲ್ಲ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಮುಂಬೈ–ಅಹಮದಾಬಾದ್ ಹೈಸ್ಪೀಡ್ ಮಾರ್ಗ 508 ಕಿ.ಮೀ., 12 ನಿಲ್ದಾಣ. 2017ರ ಸೆಪ್ಟೆಂಬರ್ 14ರಂದು ಶಂಕುಸ್ಥಾಪನೆ ಆಯ್ತು. ಮೊದಲ ಅಂದಾಜು ಸುಮಾರು 1.08 ಲಕ್ಷ ಕೋಟಿ ರೂಪಾಯಿ. ಭಾಗಿಸಿದರೆ ಕಿಲೋಮೀಟರಿಗೆ ಸುಮಾರು 213 ಕೋಟಿ. ಇದರ ಪಕ್ಕದಲ್ಲಿ ನಮ್ಮ ರಾಜ್ಯದ್ದೇ ಒಂದು ಯೋಜನೆ ಇಟ್ಟು ನೋಡಿ. 2025ರ ಜೂನ್‌ನಲ್ಲಿ ಕೇಂದ್ರ ಸಂಪುಟ ಬಳ್ಳಾರಿ–ಚಿಕ್ಕಜಾಜೂರು ಡಬ್ಲಿಂಗ್‌ಗೆ ಒಪ್ಪಿಗೆ ಕೊಟ್ಟಿತು. 185 ಕಿ.ಮೀ., 3,342 ಕೋಟಿ. ಕಿಲೋಮೀಟರಿಗೆ ಸುಮಾರು 18 ಕೋಟಿ. ಒಂದು ಕಿ.ಮೀ. ಬುಲೆಟ್ ಟ್ರೇನಿನ ದುಡ್ಡಿಗೆ ಹನ್ನೆರಡು ಕಿ.ಮೀ.ಗೆ ಸ್ವಲ್ಪ ಕಡಿಮೆ ಜೋಡಿ ಹಳಿ ಬರುತ್ತೆ. ಪೂರ್ತಿ 508 ಕಿ.ಮೀ. ದುಡ್ಡಿನಲ್ಲಿ ಹತ್ತಿರ ಹತ್ತಿರ 6,000 ಕಿ.ಮೀ. ಡಬ್ಲಿಂಗ್. ಎಲ್ಲಾ ನೆಲವೂ ಬಳ್ಳಾರಿಯ ಬಯಲಿನ ಹಾಗಿರಲ್ಲ, ಹಾಗಾಗಿ ಈ 6,000 ಒಂದು ಅಂದಾಜು ಅಷ್ಟೇ. ಅರ್ಧ ಅಂತಲೇ ಇಟ್ಟುಕೊಳ್ಳಿ, 3,000 ಕಿ.ಮೀ. ಆದರೂ ಎಷ್ಟು ರೈಲುಗಳು ಕ್ರಾಸಿಂಗಿಗೆ ನಿಲ್ಲೋದು ತಪ್ಪುತ್ತೆ ಯೋಚಿಸಿ.

ಇಲ್ಲಿಗೆ ನಮ್ಮ ಗೆಳೆಯರೇ ಮೂರು ತಕರಾರು ತೆಗೀತಾರೆ. ಮೂರೂ ಗಟ್ಟಿಯಾಗಿವೆ, ಹಾರಿಸಿಕೊಂಡು ಹೋಗೋದು ಸರಿಯಲ್ಲ.

ಮೊದಲನೇದು, "ಅದು ಜಪಾನ್ ಸಾಲ ಕಣ್ರೋ, 0.1% ಬಡ್ಡಿ, 50 ವರ್ಷ. ನಮ್ಮ ದುಡ್ಡೇ ಅಲ್ಲ." ವೆಚ್ಚದ ಸುಮಾರು 81% ಜಪಾನಿನ ಸಾಲ, ಮೊದಲ 15 ವರ್ಷ ಅಸಲು ಕಟ್ಟೋ ಹಾಗಿಲ್ಲ ಅನ್ನೋದು ನಿಜ. ಇಷ್ಟು ಕಡಿಮೆ ಬಡ್ಡಿಗೆ ಹಳೆ ಹಳಿ ರಿಪೇರಿಗೆ ಯಾರೂ ಸಾಲ ಕೊಡಲ್ಲ ಅನ್ನೋದೂ ನಿಜ ಇರಬಹುದು. ಆದರೆ ಸಾಲ ಸಾಲವೇ. ಅದೂ ಯೆನ್‌ನಲ್ಲಿ ತಗೊಂಡದ್ದು. ಯೆನ್ ಎದುರು ರೂಪಾಯಿ ಬಿದ್ದರೆ ನಾವು ಕಟ್ಟಬೇಕಾದ ಮೊತ್ತ ಏರುತ್ತೆ, ಬಡ್ಡಿ 0.1% ಇದ್ದರೂ. ಆ ಕಂತು ಕಟ್ಟೋ ವರ್ಷಗಳಲ್ಲಿ ಕೆಲಸ ಮಾಡಿ ತೆರಿಗೆ ಕಟ್ಟುವವರು ಯಾರು? ಈಗ ಹತ್ತೊಂಬತ್ತು ವರ್ಷದವರಾಗಿರುವ ನಾವು. ಹಾಗಾಗಿ ಈ ಪ್ರಶ್ನೆ ಕೇಳೋ ಹಕ್ಕು ಎಲ್ಲರಿಗಿಂತ ಹೆಚ್ಚು ನಮಗೇ ಇದೆ.

ಎರಡನೇದು, "ಜಪಾನ್ 1964ರಲ್ಲೇ ಮಾಡ್ತು, ಆಗ ಅವರೂ ಬಡವರೇ." ಸರಿ, ಜಪಾನ್ ಯಾಕೆ ಮಾಡ್ತು ಅಂತ ನೋಡೋಣ. ಟೋಕಿಯೋ–ಒಸಾಕಾ ನಡುವಿನ ಹಳೆಯ ಟೊಕೈಡೊ ಮಾರ್ಗ ದೇಶದ ಒಟ್ಟು ರೈಲು ಮಾರ್ಗದಲ್ಲಿ ಸುಮಾರು 3% ಮಾತ್ರ ಇತ್ತು. ಆದರೆ ದೇಶದ ರೈಲು ಸಂಚಾರದ ಹತ್ತಿರ ಹತ್ತಿರ ಕಾಲು ಭಾಗ ಅದರ ಮೇಲೆ ಓಡ್ತಿತ್ತು. ಹಳಿ ಅಗಲ 1,067 ಮಿ.ಮೀ., ಚಿಕ್ಕದು. ಅಲ್ಲಿ ಇನ್ನೊಂದು ಗಾಡಿ ತುರುಕೋಕೂ ಜಾಗ ಇರಲಿಲ್ಲ. ಅದಕ್ಕೆ 1,435 ಮಿ.ಮೀ. ಅಗಲದ ಹೊಸ ಹಳಿ ಹಾಕಿ 1964ರ ಅಕ್ಟೋಬರ್ 1ರಂದು 210 ಕಿ.ಮೀ. ವೇಗದ ಶಿಂಕಾನ್‌ಸೆನ್ ಬಿಟ್ಟರು. ಅಂದರೆ ಅವರ ಮೊದಲ ಸಮಸ್ಯೆ ಜಾಗದ್ದು, ವೇಗ ಅದರ ಜೊತೆಗೆ ಬಂತು. ಖರ್ಚು ಅಂದಾಜಿನ ಎರಡರಷ್ಟು ಹತ್ತಿರ ಹೋಯ್ತು. ಅದಕ್ಕೆ ಹೊಣೆ ಹೊತ್ತು ರೈಲ್ವೆ ಅಧ್ಯಕ್ಷ ಶಿಂಜಿ ಸೋಗೋ, ಮುಖ್ಯ ಇಂಜಿನಿಯರ್ ಹಿದೆಯೋ ಶಿಮಾ ಇಬ್ಬರೂ ಉದ್ಘಾಟನೆಗೆ ಮೊದಲೇ ಹುದ್ದೆ ಬಿಟ್ಟರು. ನಮ್ಮಲ್ಲಿ ಅಂದಾಜು ಮೀರಿದರೆ ಯಾರಾದರೂ ಹುದ್ದೆ ಬಿಡ್ತಾರಾ?

ಮುಂಬೈ–ಅಹಮದಾಬಾದ್ ಮಾರ್ಗವೂ ತುಂಬಿ ತುಳುಕ್ತಿದೆ ಅಂತ ಒಪ್ಪೋಣ. ಹೊಸ ಹಳಿ ಅಲ್ಲಿ ಬೇಕೇ ಬೇಕು. ಆದರೆ ಅಲ್ಲೂ ಗೇಜ್ ಪ್ರಶ್ನೆ ಇದೆ. ಭಾರತದ ಬ್ರಾಡ್ ಗೇಜ್ 1,676 ಮಿ.ಮೀ., ಜಪಾನಿನ ಹಳೆ ಹಳಿಯ ಹಾಗೆ ಚಿಕ್ಕದಲ್ಲ. ಬುಲೆಟ್ ಟ್ರೇನಿಗೆ ಹಾಕ್ತಿರೋದು 1,435. ಆ ಗಾಡಿ ಸೂರತ್‌ನಲ್ಲಿ ಪಕ್ಕದ ಹಳಿಗೆ ಇಳಿದು ಬೇರೆ ಊರಿಗೆ ಹೋಗೋಕೆ ಆಗಲ್ಲ. 508 ಕಿ.ಮೀ. ಲಾಭ ಆ 508 ಕಿ.ಮೀ. ಒಳಗೇ ಉಳಿಯುತ್ತೆ.

ಫ್ರಾನ್ಸ್ ಬೇರೆ ದಾರಿ ಹಿಡೀತು. 1981ರಲ್ಲಿ ಪ್ಯಾರಿಸ್–ಲಿಯಾನ್ ಟಿಜಿವಿ ಶುರುವಾದಾಗ ಹೊಸ ಹಳಿಯ ದಕ್ಷಿಣ ಭಾಗ ಮಾತ್ರ ತಯಾರಿತ್ತು. ಉಳಿದ ದೂರ ಗಾಡಿ ಹಳೆ ಹಳಿ ಮೇಲೇ ಓಡ್ತು. ಹಳೆಯ ಹಳಿಯದ್ದೂ ಹೊಸದರದ್ದೂ ಒಂದೇ ಗೇಜ್ ಆದ್ದರಿಂದ ಹಳೆ ಸ್ಟೇಷನ್ನುಗಳಿಗೇ ಬಂತು, ಲಿಯಾನ್ ದಾಟಿ ಹೊಸ ಹಳಿ ಇಲ್ಲದ ಊರುಗಳಿಗೂ ಹೋಯ್ತು. ಕೊನೆಗೆ ಜಪಾನ್ ಕೂಡ 1992ರಲ್ಲಿ ಫುಕುಶಿಮಾ–ಯಾಮಾಗಾಟಾ ಹಳೆ ಮಾರ್ಗದ ಗೇಜ್ ಬದಲಿಸಿ ಶಿಂಕಾನ್‌ಸೆನ್ ಗಾಡಿಯನ್ನು ಒಳನಾಡಿಗೆ ಕರೆದುಕೊಂಡು ಹೋಯ್ತು. ಮೀಟರ್ ಗೇಜ್, ಬ್ರಾಡ್ ಗೇಜ್ ಅಂತ ಎರಡು ಲೋಕ ಇಟ್ಟುಕೊಂಡು ದಶಕಗಟ್ಟಲೆ ಒದ್ದಾಡಿದ ದೇಶ ನಮ್ಮದು. 1992ರಲ್ಲಿ ಯುನಿಗೇಜ್ ಯೋಜನೆ ಹಾಕಿ ಎಲ್ಲಾ ಒಂದು ಮಾಡೋಕೆ ಹೊರಟದ್ದೂ ನಾವೇ. ಈಗ ಮತ್ತೆ ಮೂರನೇ ಲೋಕ ಕಟ್ಟುವಾಗ ಇನ್ನೂ ಸ್ವಲ್ಪ ಚರ್ಚೆ ಆಗಬೇಕಿತ್ತು.

ಚೀನಾ ಹೆಸರು ಹೇಳದೆ ಈ ವಾದ ಮುಗಿಯಲ್ಲ. "ಚೀನಾದಲ್ಲಿ 40,000 ಕಿ.ಮೀ. ಮೀರಿ ಹೈಸ್ಪೀಡ್ ಹಳಿ ಇದೆ, ನಾವಿನ್ನೂ ಚರ್ಚೆ ಮಾಡ್ತಿದೀವಿ" ಅಂತಾರೆ. ಚೀನಾದ ಕಥೆಯ ಮೊದಲ ಭಾಗವನ್ನು ಯಾರೂ ಶೇರ್ ಮಾಡಲ್ಲ. 1997ರಿಂದ 2007ರವರೆಗೆ ಅವರು ಆರು ಸುತ್ತಿನಲ್ಲಿ ಹಳೆ ಮಾರ್ಗಗಳ ವೇಗ ಏರಿಸಿದರು. ತಿರುವು ಸರಿ ಮಾಡಿದರು, ಸಿಗ್ನಲ್ ಬದಲಿಸಿದರು, ಮುಖ್ಯ ಮಾರ್ಗಗಳನ್ನು 200 ಕಿ.ಮೀ.ವರೆಗೆ ತಂದರು. ಬೀಜಿಂಗ್–ಟಿಯಾಂಜಿನ್ 350 ಕಿ.ಮೀ. ರೈಲು ಬಂದದ್ದು ಅದೆಲ್ಲಾ ಆದ ಮೇಲೆ, 2008ರಲ್ಲಿ. ಹಳೆ ಹಳಿಯಲ್ಲಿ ಹತ್ತು ವರ್ಷ ಕೈ ಪಳಗಿಸಿಕೊಂಡೇ ಅವರು ಹೊಸ ಹಳಿಗೆ ಹೋದರು. ಆಮೇಲೆ ಅವಸರವೂ ಮಾಡಿದರು. 2011ರ ಜುಲೈನಲ್ಲಿ ವೆನ್‌ಝೌ ಹತ್ತಿರ ಎರಡು ರೈಲು ಡಿಕ್ಕಿಯಾಗಿ 40 ಜನ ಸತ್ತರು. ಚೀನಾವನ್ನು ನೋಡಿ ಕಲಿಯೋದಾದರೆ ಎರಡನ್ನೂ ಕಲಿಯಬೇಕು.

ಮೂರನೇ ತಕರಾರು ನಮಗೆ ಹತ್ತಿರದ್ದು: "ಬುಲೆಟ್ ಟ್ರೇನ್ ಬಂದರೆ ಟೆಕ್ನಾಲಜಿ ಬರುತ್ತೆ, ನಮಗೇ ಕೆಲಸ." ಇದನ್ನು ನಾವು ಪೂರ್ತಿ ಒಪ್ತೀವಿ. ಗುಜರಾತಿನಲ್ಲಿ 40 ಮೀಟರ್ ಉದ್ದದ, ಸುಮಾರು 970 ಟನ್ ತೂಕದ ಗರ್ಡರನ್ನು ಒಂದೇ ತುಂಡಾಗಿ ಎತ್ತಿ ಕಂಬದ ಮೇಲೆ ಕೂರಿಸೋ ವಿಡಿಯೋ ನೋಡಿದರೆ ಸಿವಿಲ್‌ನವರಿಗೆ ರೋಮಾಂಚನ ಆಗದೆ ಇರಲ್ಲ. 2024ರ ಅಕ್ಟೋಬರ್‌ನಲ್ಲಿ ನಮ್ಮ ಬೆಂಗಳೂರಿನ ಬಿಇಎಂಎಲ್‌ಗೆ 280 ಕಿ.ಮೀ. ವೇಗದ ಎರಡು ರೈಲು ತಯಾರಿಸೋ ಆರ್ಡರ್ ಸಿಕ್ಕಿತು, 866.87 ಕೋಟಿ ರೂಪಾಯಿಗೆ. ಯಲಹಂಕದ ಗಾಲಿ ಕಾರ್ಖಾನೆ 1984ರಿಂದ ದೇಶದ ರೈಲುಗಳಿಗೆ ಗಾಲಿ, ಅಚ್ಚು ಮಾಡ್ತಿದೆ. ಹೈಸ್ಪೀಡ್ ಒಂದು ಮಾರ್ಗ ಇರಲಿ, ಅದು ನಮಗೆ ಲ್ಯಾಬ್ ಆಗಲಿ. ಆದರೆ ಲ್ಯಾಬ್ ಚೆನ್ನಾಗಿದೆ ಅಂತ ಕ್ಲಾಸ್‌ರೂಮ್ ಸೋರೋಕೆ ಬಿಡಬಾರದು. ಹಳೆ ಹಳಿ ಸುಧಾರಿಸೋದರಲ್ಲೂ ಇಂಜಿನಿಯರಿಂಗ್ ಕಡಿಮೆ ಇಲ್ಲ. ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್, ಕವಚ್, ಸುರಂಗ, ಹಳಿ ಬಿರುಕು ಹುಡುಕೋ ಅಲ್ಟ್ರಾಸಾನಿಕ್ ಯಂತ್ರ, ಟೈಮ್‌ಟೇಬಲ್ ಸಾಫ್ಟ್‌ವೇರ್ ಎಲ್ಲಾ ನಮ್ಮ ಬ್ರಾಂಚ್‌ಗಳ ಕೆಲಸವೇ.

ಕಣ್ಣಿಗೆ ಕಾಣದ ಖರ್ಚಿನ ಬಗ್ಗೆ ಇನ್ನೊಂದು ಮಾತು. ಬುಲೆಟ್ ಟ್ರೇನಿಗೆ ಶಂಕುಸ್ಥಾಪನೆ ಆದ 2017ರಲ್ಲೇ ಬಜೆಟ್‌ನಲ್ಲಿ ರಾಷ್ಟ್ರೀಯ ರೈಲು ಸಂರಕ್ಷಾ ಕೋಶ ಅಂತ ಒಂದು ಸುರಕ್ಷತಾ ನಿಧಿ ಘೋಷಿಸಿದರು. ಐದು ವರ್ಷಕ್ಕೆ 1 ಲಕ್ಷ ಕೋಟಿ. ಮೊತ್ತ ಹೆಚ್ಚು ಕಡಿಮೆ ಬುಲೆಟ್ ಟ್ರೇನಿನ ಅಂದಾಜಿನಷ್ಟೇ. ಆದರೆ ಹಳಿ ತಪ್ಪುವ ಅಪಘಾತಗಳ ಬಗ್ಗೆ 2022ರಲ್ಲಿ ಬಂದ ಸಿಎಜಿ ವರದಿ ಹೇಳಿದ್ದೇನು ಗೊತ್ತಾ? ಮೊದಲ ನಾಲ್ಕು ವರ್ಷದಲ್ಲಿ ರೈಲ್ವೆ ತನ್ನ ಆದಾಯದಿಂದ ಆ ನಿಧಿಗೆ ಹಾಕಬೇಕಿದ್ದ 20,000 ಕೋಟಿಯಲ್ಲಿ 15,775 ಕೋಟಿ ಬರಲೇ ಇಲ್ಲ. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಹತ್ತಿರ ಮೂರು ರೈಲುಗಳ ಅಪಘಾತದಲ್ಲಿ 290ಕ್ಕಿಂತ ಹೆಚ್ಚು ಜನ ಸತ್ತರು. ಸಿಗ್ನಲ್ ವೈರಿಂಗ್ ಕೆಲಸದಲ್ಲಾದ ತಪ್ಪು ಅಂತ ತನಿಖೆಯಲ್ಲಿ ಗೊತ್ತಾಯ್ತು. ಆ ದಿನ ಜನರಲ್ ಬೋಗಿಯಲ್ಲಿ ಇದ್ದವರಿಗೆ 320 ಬೇಕಿರಲಿಲ್ಲ. ಸರಿಯಾದ ಸಿಗ್ನಲ್ ಬೇಕಿತ್ತು.

ಸರ್ಕಾರ ಏನೂ ಮಾಡ್ತಿಲ್ಲ ಅಂತ ಹೇಳಿದರೆ ಅನ್ಯಾಯ ಆಗತ್ತೆ. 2023-24ರ ಬಜೆಟ್‌ನಲ್ಲಿ ರೈಲ್ವೆಗೆ 2.4 ಲಕ್ಷ ಕೋಟಿ ಬಂಡವಾಳ ಕೊಟ್ಟರು, ಅದು ಅಲ್ಲಿಯವರೆಗಿನ ದೊಡ್ಡ ಮೊತ್ತ. ಗೂಡ್ಸ್ ರೈಲಿಗೇ ಅಂತ ಪೂರ್ವದಲ್ಲಿ 1,337 ಕಿ.ಮೀ., ಪಶ್ಚಿಮದಲ್ಲಿ 1,506 ಕಿ.ಮೀ. ಬೇರೆ ಹಳಿ ಯೋಜನೆ ಹಾಕಿ ಕಟ್ಟಿದರು. ನಮ್ಮ ಪ್ರಕಾರ ಈ ಗೂಡ್ಸ್ ಕಾರಿಡಾರ್‌ಗಳೇ ಇತ್ತೀಚಿನ ಅತಿ ಮುಖ್ಯ ರೈಲ್ವೆ ಕೆಲಸ. ಗೂಡ್ಸ್ ಪಕ್ಕಕ್ಕೆ ಸರಿದರೆ ಹಳೆ ಹಳಿ ಪ್ಯಾಸೆಂಜರ್ ರೈಲಿಗೆ ಖಾಲಿ ಸಿಗುತ್ತೆ. ಅದರ ಮೇಲೆ ರೀಲ್ಸ್ ಬರಲ್ಲ ಅಷ್ಟೇ.

ನಮ್ಮ ಕಡೆಯೇ ಸಾರ್ವಜನಿಕ ಹೂಡಿಕೆ ಏನು ಮಾಡಬಲ್ಲದು ಅನ್ನೋಕೆ ಕೊಂಕಣ ರೈಲ್ವೆ ಇದೆ. 1990ರಲ್ಲಿ ಕೆಲಸ ಶುರು, 1998ರ ಜನವರಿ 26ಕ್ಕೆ ಪೂರ್ತಿ ಮಾರ್ಗ ತೆರೀತು. 741 ಕಿ.ಮೀ. ಕೇಂದ್ರದ ಪಾಲು 51%, ಕರ್ನಾಟಕದ ಪಾಲು 15%, ಉಳಿದದ್ದು ಮಹಾರಾಷ್ಟ್ರ, ಗೋವಾ, ಕೇರಳದ್ದು. ಜೊತೆಗೆ ಬಾಂಡ್ ಮಾರಿ ದುಡ್ಡು ಎತ್ತಿದರು. ಇ. ಶ್ರೀಧರನ್ ಮುಂದೆ ನಿಂತು ಕಟ್ಟಿಸಿದರು. ಅದಕ್ಕೆ ಮುಂಚೆ ಮಂಗಳೂರಿಂದ ಮುಂಬೈಗೆ ರೈಲಿನಲ್ಲಿ ಹೋಗಬೇಕು ಅಂದರೆ ಘಟ್ಟದ ಪೂರ್ವಕ್ಕೆ ಬಂದು ದೊಡ್ಡ ಸುತ್ತು ಹಾಕಬೇಕಿತ್ತು. ಆ ದಾರಿ ಒಂದೇ ಏಟಿಗೆ 1,100 ಕಿ.ಮೀ.ಗೂ ಹೆಚ್ಚು ಕಡಿಮೆ ಆಯ್ತು. ಮುಂಬೈನಲ್ಲಿ ಹೋಟೆಲ್ ನಡೆಸೋ ಉಡುಪಿ, ಕುಂದಾಪುರದ ಮನೆತನಗಳಿಗೆ ಊರು ಒಂದು ರಾತ್ರಿಯ ದೂರಕ್ಕೆ ಬಂತು. ಅಲ್ಲಿ ಯಾವ ವೇಗದ ದಾಖಲೆಯೂ ಆಗಲಿಲ್ಲ. ಗಂಟೆಗಳು ಮಾತ್ರ ಉಳಿದವು, ಸಾವಿರಾರು ಜನರಿಗೆ, ಸಾಮಾನ್ಯ ಟಿಕೆಟ್ ದರದಲ್ಲಿ.

ಬೆಂಗಳೂರು ಸಬರ್ಬನ್ ರೈಲಿನ ಕಥೆ ಇನ್ನೊಂದು ತುದಿ. 148 ಕಿ.ಮೀ., 15,767 ಕೋಟಿ, 2020ರಲ್ಲಿ ಒಪ್ಪಿಗೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆದಾಗ 40 ತಿಂಗಳು ಅಂದರು. 2025ರ ಅಕ್ಟೋಬರ್‌ಗೆ ಆ 40 ತಿಂಗಳು ಮುಗೀತು, ನಾಲ್ಕು ಕಾರಿಡಾರ್‌ನಲ್ಲಿ ಒಂದರಲ್ಲೂ ರೈಲು ಓಡಲಿಲ್ಲ. ದಿನಾ ಸಿಲ್ಕ್ ಬೋರ್ಡಿನಲ್ಲಿ ನಿಂತು ಕಳೆಯೋ ಒಂದು ಗಂಟೆ, ವರ್ಷಕ್ಕೆ ಎರಡು ಸಲ ಬುಲೆಟ್ ಟ್ರೇನಿನಲ್ಲಿ ಉಳಿಸಬಹುದಾದ ಮೂರು ಗಂಟೆಗಿಂತ ದೊಡ್ಡದು. ವರ್ಷಕ್ಕೆ 300 ದಿನ ಅಂತ ಗುಣಿಸಿ ನೋಡಿ.

ಹಾಗಾದರೆ ನಾವು ಏನು ಕೇಳ್ತಿದೀವಿ? ಬುಲೆಟ್ ಟ್ರೇನ್ ಕೆಲಸ ನಿಲ್ಲಿಸಿ ಅಂತ ಖಂಡಿತ ಅಲ್ಲ. ಕಂಬ ಎದ್ದಿದೆ, ಮುಗಿಸಲಿ, ಚೆನ್ನಾಗಿ ಓಡಿಸಲಿ, ಅದರಿಂದ ಕಲಿಯಲಿ. ಆದರೆ ಮುಂದಿನ ಹೈಸ್ಪೀಡ್ ಮಾರ್ಗ ಅಂತ ಚೆನ್ನೈ–ಬೆಂಗಳೂರು–ಮೈಸೂರು ಹೆಸರೂ ಪಟ್ಟಿಯಲ್ಲಿದೆ. ಅದು ನಮ್ಮ ಬಾಗಿಲಿಗೆ ಬರೋ ಮೊದಲು ಮೂರು ಪ್ರಶ್ನೆಗೆ ಬರಹದಲ್ಲಿ ಉತ್ತರ ಬೇಕು. ಇದೇ ದುಡ್ಡಿನಲ್ಲಿ ಬೇರೆಲ್ಲಿ ಎಷ್ಟು ಜನರ ಎಷ್ಟು ಗಂಟೆ ಉಳಿಯುತ್ತಿತ್ತು? ಈ ಹಳಿಯಿಂದ ಪಕ್ಕದ ಹಳಿಗೆ ಗಾಡಿ ಹೋಗುತ್ತಾ? ಮುಗಿಯೋ ದಿನಾಂಕ ತಪ್ಪಿದರೆ ಯಾರು ಉತ್ತರ ಹೇಳ್ತಾರೆ? ಇದರ ಜೊತೆಗೆ ಪ್ರತಿ ವಿಭಾಗದ ರೈಲುಗಳ ಸರಾಸರಿ ವೇಗವನ್ನು ಪ್ರತಿ ವರ್ಷ ಪ್ರಕಟಿಸಲಿ. ನಮ್ಮ ಸೆಮಿಸ್ಟರ್ ಮಾರ್ಕ್ಸ್ ನೋಟಿಸ್ ಬೋರ್ಡಿಗೆ ಹಾಕ್ತಾರಲ್ಲ, ಹಾಗೆ.

ನಾವು ವಿದ್ಯಾರ್ಥಿಗಳೂ ಸುಮ್ಮನೆ ಕೂರಬೇಕಿಲ್ಲ. ರೈಲುಗಳ ಟೈಮ್‌ಟೇಬಲ್ ಎಲ್ಲರಿಗೂ ಸಿಗುತ್ತೆ. ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಾ ಇರೋರು ಕರ್ನಾಟಕದ ಪ್ರತಿ ಮಾರ್ಗದ ಸರಾಸರಿ ವೇಗದ ನಕ್ಷೆ ಮಾಡಿ. ಎಲ್ಲಿ 30, ಎಲ್ಲಿ 50, ಎಲ್ಲಿ 75 ಅಂತ ಬಣ್ಣ ಹಚ್ಚಿ. ಕೆಂಪು ಬಣ್ಣ ಯಾವ ಜಿಲ್ಲೆಯಲ್ಲಿ ಹೆಚ್ಚು ಅಂತ ನೋಡಿ, ಆ ಜಿಲ್ಲೆಯ ಸಂಸದರಿಗೆ ಕಳಿಸೋಣ. ಯಾರು ಸೇರ್ತೀರಾ, ಕ್ಲಬ್ಬಿಗೆ ಹೆಸರು ಕೊಡಿ. ನಮ್ಮ ವಾದ ಒಪ್ಪದವರೂ ಬನ್ನಿ, ನಿಮ್ಮ ಲೆಕ್ಕ ಮುಂದಿನ ಸಂಚಿಕೆಯಲ್ಲಿ ಹಾಕೋಣ.